ಸಾಕ್ಷ್ಯಚಿತ್ರದಲ್ಲಿ ಕೇಳಿದ ಸಾಲು ಯಾರದು? ಮೂಲ ಹುಡುಕುವ ದಾರಿ

ಚನ್ನರಾಯಪಟ್ಟಣದಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ನನ್ನ ಅಕ್ಕನ ಮಗಳು ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಚಿಕ್ಕ ವಿಡಿಯೋ ತುಣುಕು ಕಳಿಸಿದಳು. ಶ್ರವಣಬೆಳಗೊಳದ ಮೇಲೆ ಯಾರೋ ಮಾಡಿದ ಸಾಕ್ಷ್ಯಚಿತ್ರ. ಡ್ರೋನ್ ಕೆಳಗಿಳಿಯುತ್ತಿದೆ, ಗೊಮ್ಮಟನ ಮುಖ ಹತ್ತಿರವಾಗುತ್ತಿದೆ. ಹಿಂದೆ ಗಂಭೀರವಾದ ದನಿ. ಮೂರ್ತಿ ಬಹಳ ಎತ್ತರವಾದರೆ ಅದರಲ್ಲಿ ಚೆಲುವು ಇರುವುದಿಲ್ಲವಂತೆ. ಎತ್ತರವೂ ಚೆಲುವೂ ಇದ್ದರೆ ಅಲೌಕಿಕ ಶಕ್ತಿ ಇರುವುದಿಲ್ಲವಂತೆ. ಇಲ್ಲಿ ಮಾತ್ರ ಮೂರೂ ಸೇರಿವೆ ಎಂದು ‘ಕವಿ ಹಾಡಿದ್ದಾನೆ’.

ಕೆಳಗೆ ಅವಳ ಮೆಸೇಜು: “ಮಾವ, ಯಾವ ಕವಿ? ಸ್ಟಾಫ್ ರೂಮಲ್ಲಿ ಎಲ್ಲರೂ ಪಂಪ ಅಂತಿದ್ದಾರೆ. ನಾಳಿದ್ದು ಮಕ್ಕಳಿಗೆ ಬೋರ್ಡ್ ಮೇಲೆ ಬರೀಬೇಕು.”

ನಾಳಿದ್ದಿಗೆ ಆಗಲಿಲ್ಲ, ನಾಲ್ಕು ದಿನ ಹಿಡಿಯಿತು. ಅದರಲ್ಲಿ ಎರಡು ದಿನ ನಾನು ತಪ್ಪು ದಾರಿಯಲ್ಲಿದ್ದೆ. ಆ ತಪ್ಪು ನಿಮಗೆ ಆಗದಿರಲಿ ಅಂತ ಹುಡುಕಿದ ಕ್ರಮವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಗೊಮ್ಮಟನ ಸಾಲೇ ಉದಾಹರಣೆ. ನಿಮ್ಮ ಸಾಲು ಬೇರೆ ಇರಬಹುದು, ದಾರಿ ಹೆಚ್ಚುಕಡಿಮೆ ಇದೇ.

ಮೊದಲು, ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಳ್ಳಿ

ನೆನಪಿನಿಂದ ಹುಡುಕಬೇಡಿ. ನಾವು ಕೇಳಿದ ಮಾತನ್ನು ತಲೆಯೊಳಗೆ ತಿದ್ದಿಬಿಡುತ್ತೇವೆ. ವಿಡಿಯೋದ ವೇಗ ಕಡಿಮೆ ಮಾಡಿ, ಮೂರು ಸಲ ಕೇಳಿ, ಒಂದೊಂದು ಪದವನ್ನೂ ಕಾಗದಕ್ಕೆ ಇಳಿಸಿ. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಅಂತ ಪಕ್ಕದಲ್ಲಿ ಬರೆಯಿರಿ. ತಾನೇ ತಾನಾಗಿ ಬರುವ ಕನ್ನಡ ಸಬ್‌ಟೈಟಲ್ ನಂಬಬೇಡಿ. ಹಳಗನ್ನಡ ಬಂದರಂತೂ ಅದು ಏನೇನೋ ಬರೆಯುತ್ತದೆ.

ಹೇಳಿದವರು ಯಾರು ಅನ್ನುವುದೂ ಮುಖ್ಯ. ನಿರೂಪಕರ ದನಿಯೋ, ಸಂದರ್ಶನದಲ್ಲಿ ಕೂತ ವಿದ್ವಾಂಸರೋ, ಪರದೆಯ ಮೇಲೆ ಬಂದ ಅಕ್ಷರವೋ? ವಿದ್ವಾಂಸರು ಹೇಳಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅವರ ಪುಸ್ತಕಗಳಲ್ಲೇ ಸಾಲು ಇರುವ ಸಾಧ್ಯತೆ ಜಾಸ್ತಿ. ನಿರೂಪಣೆ ಆಗಿದ್ದರೆ ಕೊನೆಯ ಹೆಸರುಪಟ್ಟಿ ನಿಲ್ಲಿಸಿ ನಿಲ್ಲಿಸಿ ಓದಿ. ಚಿತ್ರಕಥೆ, ಸಂಶೋಧನೆ, ಅನುವಾದ ಯಾರದು ಅಂತ ಗುರುತು ಹಾಕಿಕೊಳ್ಳಿ. ನಾನು ಇದನ್ನು ಮಾಡಲಿಲ್ಲ. ಮಾಡಿದ್ದರೆ ಆ ಚಿತ್ರದ ನಿರೂಪಣೆ ಮೊದಲು ಇಂಗ್ಲಿಷಿನಲ್ಲಿ ತಯಾರಾಗಿ ಆಮೇಲೆ ಕನ್ನಡಕ್ಕೆ ಬಂದದ್ದು ಅಂತ ಮೊದಲ ದಿನವೇ ಗೊತ್ತಾಗುತ್ತಿತ್ತು.

ಇಸವಿ ನೋಡಿ, ಅರ್ಧ ಹೆಸರು ತಾನೇ ಬಿದ್ದುಹೋಗುತ್ತದೆ

ಸ್ಟಾಫ್ ರೂಮಿನ ಪಂಪನನ್ನು ಬಿಡಿಸಲು ಐದು ನಿಮಿಷ ಸಾಕಾಯಿತು. ಪಂಪ ಆದಿಪುರಾಣ ಬರೆದದ್ದು 941ರಲ್ಲಿ. ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ್ದು ಸುಮಾರು 981ರಲ್ಲಿ. ಆದಿಪುರಾಣದಲ್ಲಿ ಭರತ ಬಾಹುಬಲಿಯರ ಕಥೆ ಇದೆ, ನಿಜ. ಆದರೆ ವಿಂಧ್ಯಗಿರಿಯ ಮೇಲಿನ 58 ಅಡಿಯ ಕಲ್ಲಿನ ಮೂರ್ತಿ ಅದರಲ್ಲಿ ಬರಲು ಸಾಧ್ಯವೇ ಇಲ್ಲ. ಬಾಹುಬಲಿ ಅಂದ ಕೂಡಲೇ ಪಂಪ ಅನ್ನುವುದು ನಮಗೆ ಪಾಠದ ಪುಸ್ತಕ ಕಲಿಸಿದ ಅಭ್ಯಾಸ, ಅಷ್ಟೇ.

ದೊಡ್ಡ ಹೆಸರುಗಳಿಗೆ ಈ ಗುಣ ಇದೆ, ದಿಕ್ಕಿಲ್ಲದ ಸಾಲುಗಳನ್ನೆಲ್ಲ ಎಳೆದುಕೊಳ್ಳುತ್ತವೆ. ಮಲೆನಾಡು, ಕಾಡು, ಮಳೆ ಅಂತ ಏನೇ ಇದ್ದರೂ ಕುವೆಂಪು ಅಥವಾ ತೇಜಸ್ವಿ. ಚಿಕ್ಕಮಗಳೂರಿನ ಕಡೆಯ ಹೋಂಸ್ಟೇ ಗೋಡೆಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಕುವೆಂಪು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ್ದು ಸತ್ಯ, ತೇಜಸ್ವಿ ಮೂಡಿಗೆರೆಯಲ್ಲಿ ಬದುಕಿದ್ದೂ ಸತ್ಯ. ಹಾಗಂತ ಮೂಡಿಗೆರೆಯ ಮಂಜಿನ ಫೋಟೋ ಮೇಲೆ ಬರೆದದ್ದೆಲ್ಲ ಅವರದ್ದಾಗುವುದಿಲ್ಲ, ಅಲ್ವಾ?

ಹಾಗಾಗಿ ಹೆಸರು ಕಂಡ ತಕ್ಷಣ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಸಾಲಿನಲ್ಲಿರುವ ಸಂಗತಿ ಆ ಕವಿಯ ಕಾಲದಲ್ಲಿ ಇತ್ತೇ? ಈ ಮಾತಿನ ಬಳಕೆ ಆ ಕಾಲಕ್ಕೆ ಹೊಂದುತ್ತದೆಯೇ?

ನೀವು ಕೇಳಿದ್ದು ಮೂಲವೋ, ನೆರಳೋ?

ನಾನು ಎರಡು ದಿನ ಕಳೆದುಕೊಂಡದ್ದು ಇಲ್ಲೇ. ವಿಡಿಯೋದಲ್ಲಿ ಕೇಳಿದ ‘ಅಲೌಕಿಕ ಶಕ್ತಿ’ ಎಂಬ ಎರಡು ಪದ ಹಿಡಿದು ಹುಡುಕಿದ್ದೇ ಹುಡುಕಿದ್ದು. ಜ್ಯೋತಿಷ್ಯದ ಪುಟಗಳು ಬಂದವು, ದೆವ್ವದ ಕಥೆಗಳು ಬಂದವು. ಗೊಮ್ಮಟ ಬರಲಿಲ್ಲ.

ಮೂರನೇ ದಿನ ಕಾಫಿ ಕುಡಿಯುತ್ತಾ ಹೊಳೆಯಿತು. ಹಳೆಯ ಕನ್ನಡ ಕವಿ ಜಿನಬಿಂಬದ ಬಗ್ಗೆ ‘ಅಲೌಕಿಕ ಶಕ್ತಿ’ ಅನ್ನುವುದಿಲ್ಲ. ಇದು ಇಂಗ್ಲಿಷಿನ ‘ಸೂಪರ್‌ನ್ಯಾಚುರಲ್’ ಪದವನ್ನು ಈಚಿನವರು ಕನ್ನಡಕ್ಕೆ ತಂದದ್ದು. ಅಂದರೆ ಹಳಗನ್ನಡ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಹೊಸಗನ್ನಡಕ್ಕೆ ವಾಪಸ್ ಬಂದಿದೆ. ಹೋಗಿ ಬರುವಷ್ಟರಲ್ಲಿ ಒಂದು ಪದವೂ ಹಳೆಯದು ಉಳಿದಿಲ್ಲ.

ಹೀಗಾದಾಗ ಪದ ಹುಡುಕಬಾರದು, ಮಾತಿನ ಕಟ್ಟು ಹುಡುಕಬೇಕು. ಅನುವಾದದಲ್ಲಿ ಪದ ಸಾಯುತ್ತದೆ, ಕಟ್ಟು ಉಳಿಯುತ್ತದೆ. ನಮ್ಮ ಸಾಲಿನ ಕಟ್ಟು ಇದು: ಎತ್ತರ ಇದ್ದರೆ ಚೆಲುವಿಲ್ಲ, ಎರಡೂ ಇದ್ದರೆ ಮೂರನೆಯದಿಲ್ಲ, ಇಲ್ಲಿ ಮೂರೂ ಇವೆ. ಮೂರು ಮೆಟ್ಟಿಲು. ಇದನ್ನೇ ಇಂಗ್ಲಿಷಿನಲ್ಲಿ ಹಾಕಿ, ಗೊಮ್ಮಟ ಅಂತ ಸೇರಿಸಿ ಹುಡುಕಿದೆ. ಕಾಲು ಗಂಟೆಯಲ್ಲಿ ಒಂದು ಹಳೆಯ ಶಾಸನ ಸಂಪುಟದ ಅನುವಾದ ಕಣ್ಣಿಗೆ ಬಿತ್ತು.

ಅನುವಾದದ ವಾಸನೆ ಹಿಡಿಯುವುದು ಕಷ್ಟವಲ್ಲ. ಪ್ರಾಸ ಇಲ್ಲ, ಲಯ ಇಲ್ಲ, ಭಾವನಾಮಗಳು ಜಾಸ್ತಿ, ವಾಕ್ಯ ತೀರಾ ನೀಟಾಗಿದೆ ಅಂದರೆ ಅನುಮಾನಪಡಿ.

ಪದ್ಯವಾದರೆ ಅದರ ಕಟ್ಟೇ ಸಾಕ್ಷಿ

ಸಾಕ್ಷ್ಯಚಿತ್ರದವರು ಮೂಲ ಪದ್ಯವನ್ನೇ ಹಾಡಿಸಿದ್ದರೆ ನಿಮ್ಮ ಅದೃಷ್ಟ. ಎರಡನೇ ಅಕ್ಷರ ನೋಡಿ. ಹಳಗನ್ನಡ, ನಡುಗನ್ನಡ ಕಾವ್ಯದಲ್ಲಿ ಪ್ರತಿ ಪಾದದ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಚಿತ್ರದಲ್ಲಿ ಎರಡು ಸಾಲು ಹೇಳಿ, ಎರಡರಲ್ಲೂ ಆ ಅಕ್ಷರ ಬೇರೆ ಬೇರೆ ಇದ್ದರೆ ಒಂದೋ ಅವು ಎರಡು ಪದ್ಯದಿಂದ ಬಂದಿವೆ, ಇಲ್ಲವೇ ಯಾರೋ ಪದ ಬದಲಿಸಿದ್ದಾರೆ. ಆರು ಪಾದ ಕಂಡರೆ ಷಟ್ಪದಿ, ಮೂರು ಸಾಲಾದರೆ ತ್ರಿಪದಿ, ನಾಲ್ಕು ಉದ್ದನೆಯ ಪಾದ ಸಂಸ್ಕೃತ ವೃತ್ತದ ನಡಿಗೆಯಲ್ಲಿದ್ದರೆ ಚಂಪೂ ಕಾವ್ಯ ಅಥವಾ ಶಾಸನ. ಇಷ್ಟು ಗೊತ್ತಾದರೆ ಹುಡುಕಬೇಕಾದ ಕಪಾಟು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ವಚನ, ಕೀರ್ತನೆಗಳಿಗೆ ಅಂಕಿತ ಇದೆ. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ, ಕಾಗಿನೆಲೆಯಾದಿಕೇಶವ ಅಂದರೆ ಕನಕದಾಸರು. ಆದರೆ ಅಂಕಿತ ಒಂದೇ ನಂಬಿ ಕೂರಬೇಡಿ. ಯಾರು ಬೇಕಾದರೂ ನಾಲ್ಕು ಸಾಲು ಗೀಚಿ ಕೊನೆಗೆ ‘ಸರ್ವಜ್ಞ’ ಅಂತ ಸೇರಿಸಬಹುದು, ಸೇರಿಸಿದ್ದಾರೆ ಕೂಡ. ವಚನಗಳಿಗಾದರೆ ‘ವಚನ ಸಂಚಯ’ ಎಂಬ ಜಾಲತಾಣವಿದೆ. 20,000ಕ್ಕೂ ಹೆಚ್ಚು ವಚನಗಳಲ್ಲಿ ಪದ ಹಾಕಿ ಹುಡುಕಬಹುದು. ಅಲ್ಲಿ ಸಿಗದಿದ್ದರೆ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ನೋಡಿ. ಎರಡರಲ್ಲೂ ಇಲ್ಲ ಅಂದರೆ ಈಚೆಗೆ ಹುಟ್ಟಿದ ವಚನ ಇರಬಹುದು ಅಂತ ನನ್ನ ಅನುಮಾನ ಗಟ್ಟಿಯಾಗುತ್ತದೆ.

ಹುಡುಕುವಾಗ ಕನ್ನಡಕ್ಕೇ ಇರುವ ಕಾಟಗಳು

ಇಡೀ ವಾಕ್ಯ ಹಾಕಬೇಡಿ. ಮೂರು ಪದ ಸಾಕು, ಉದ್ಧರಣ ಚಿಹ್ನೆಯೊಳಗೆ. ಸಿಗದಿದ್ದರೆ ಬೇರೆ ಮೂರು ಪದ.

ಸಂಧಿ ದೊಡ್ಡ ತಲೆನೋವು. ಗೊಮ್ಮಟನ ಪದ್ಯದ ಮೊದಲ ಪಾದ ಹೀಗಿದೆ: ‘ಅತಿತುಂಗಾಕೃತಿಯಾದೊಡಾಗದದರೊಳ್ ಸೌಂದರ್ಯಮೌನ್ನತ್ಯಮುಂ’. ನೀವು ‘ಔನ್ನತ್ಯ’ ಅಂತ ಹುಡುಕಿದರೆ ಇದು ಸಿಗುವುದೇ ಇಲ್ಲ. ‘ಔ’ ಹೋಗಿ ‘ಮೌ’ ಆಗಿದೆ, ಹಿಂದಿನ ಪದಕ್ಕೆ ಅಂಟಿಕೊಂಡಿದೆ. ಹಳಗನ್ನಡ ಹುಡುಕುವಾಗ ಪದದ ಮೊದಲ ಅಕ್ಷರ ಬಿಟ್ಟು ಮಧ್ಯದ ತುಂಡು ಹಾಕಿ ನೋಡಿ.

ಇನ್ನು ಶಕಟರೇಫ ‘ಱ’ ಮತ್ತು ರಳ ‘ೞ’. ವಿದ್ವತ್ ಆವೃತ್ತಿಯಲ್ಲಿ ‘ಅದಱೊಳ್’, ಸುಲಭ ಆವೃತ್ತಿಯಲ್ಲಿ ‘ಅದರೊಳ್’. ಕಂಪ್ಯೂಟರಿಗೆ ಇವೆರಡೂ ಬೇರೆ ಪದ. ಎರಡೂ ಹಾಕಿ ನೋಡಬೇಕು.

ಚಿತ್ರತಂಡದವರು ಸ್ಕ್ರಿಪ್ಟ್ ಕೊಟ್ಟರೆ ಅದು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಇರುವುದುಂಟು. ಹುಡುಕುವ ಜಾಗಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ಇವೆ. ಆದರೆ ಅವುಗಳಲ್ಲಿ ಬಹುಪಾಲು ಬರೀ ಚಿತ್ರ, ಒಳಗಿನ ಪದ ಹುಡುಕಲು ಬರುವುದಿಲ್ಲ. ಪುಸ್ತಕದ ಹೆಸರನ್ನೂ ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದ ಹಾಗೆ ಟೈಪ್ ಮಾಡಿರುತ್ತಾರೆ. ನಾಲ್ಕು ಥರ ಕಾಗುಣಿತ ಹಾಕಿ ನೋಡುವ ತಾಳ್ಮೆ ಬೇಕು.

ನಿಘಂಟನ್ನು ಹೀಗೂ ಬಳಸಬಹುದು

ಇದು ನನಗೆ ತುಂಬಾ ಇಷ್ಟವಾದ ಉಪಾಯ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟಿದೆಯಲ್ಲ, ಅದನ್ನು ನಾವು ಅರ್ಥಕ್ಕೆ ಮಾತ್ರ ತೆಗೆಯುತ್ತೇವೆ. ಅದರಲ್ಲಿ ಅರ್ಥದ ಕೆಳಗೆ ಪ್ರಯೋಗಗಳಿವೆ. ಯಾವ ಕಾವ್ಯ, ಎಷ್ಟನೇ ಪದ್ಯ, ಯಾವ ಶಾಸನ, ಎಲ್ಲ ಸಂಕ್ಷೇಪವಾಗಿ ಬರೆದಿರುತ್ತಾರೆ. ನಿಮ್ಮ ಸಾಲಿನಲ್ಲಿ ಅತಿ ಅಪರೂಪದ ಪದ ಯಾವುದು ಅಂತ ಆರಿಸಿ. ಅದನ್ನು ನಿಘಂಟಿನಲ್ಲಿ ತೆಗೆಯಿರಿ. ಎಷ್ಟೋ ಸಲ ನಿಮ್ಮ ಸಾಲೇ ಅಲ್ಲಿ ಉದಾಹರಣೆಯಾಗಿ ಕೂತಿರುತ್ತದೆ. ಸಂಕ್ಷೇಪಗಳ ಪಟ್ಟಿ ಸಂಪುಟದ ಆರಂಭದಲ್ಲಿ ಇರುತ್ತದೆ.

ಮುದ್ರಿತ ಕಾವ್ಯ ಕೈಗೆ ಸಿಕ್ಕರೆ ಮೊದಲ ಪುಟದಿಂದ ಓದುತ್ತಾ ಕೂರಬೇಡಿ. ಹಿಂದಿನಿಂದ ತೆರೆಯಿರಿ. ಒಳ್ಳೆಯ ಸಂಪಾದನೆಗಳಲ್ಲಿ ಪದ್ಯಗಳ ಅಕಾರಾದಿ ಇರುತ್ತದೆ. ಅದು ಪದ್ಯದ ಆರಂಭದ ಅಕ್ಷರಕ್ಕೆ ಮಾತ್ರ ಕೆಲಸಕ್ಕೆ ಬರುತ್ತದೆ ಅನ್ನುವುದು ನೆನಪಿರಲಿ. ಚಿತ್ರದಲ್ಲಿ ಕೇಳಿದ್ದು ಪದ್ಯದ ಮೂರನೇ ಪಾದವಾಗಿದ್ದರೆ ಸಿಗುವುದಿಲ್ಲ. ಹಾಸನದವರು ಜಿಲ್ಲಾ ಕೇಂದ್ರ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲೋ ಹೇಮಗಂಗೋತ್ರಿಯಲ್ಲೋ ಕೇಳಿ ನೋಡಿ. ಅಲ್ಲೂ ಆಗದಿದ್ದರೆ ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ.

ನಮ್ಮ ಜಿಲ್ಲೆಗಳಲ್ಲಿ ಕವಿತೆ ಕಲ್ಲಿನ ಮೇಲೂ ಇದೆ

ಸಾಲಿನ ಮೂಲ ಅಂದರೆ ಪುಸ್ತಕ ಅಂತ ನಾವು ಅಂದುಕೊಳ್ಳುತ್ತೇವೆ. ಹಾಸನ, ಚಿಕ್ಕಮಗಳೂರಿನಲ್ಲಿ ಈ ಲೆಕ್ಕ ತಪ್ಪುತ್ತದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದ ದೇವಾಲಯ 1196ರದು. ಅಲ್ಲಿನ ಶಾಸನ ಬರೆದವನು ಕವಿ ಜನ್ನ. ಆ ಪದ್ಯವನ್ನು ಒಂದು ಚಿತ್ರದಲ್ಲಿ ಕೇಳಿ ನೀವು ಅವನ ಯಶೋಧರ ಚರಿತೆಯನ್ನು ಎಷ್ಟು ಸಲ ತಿರುವಿದರೂ ಸಿಗುವುದಿಲ್ಲ. ಕವಿ ಸರಿ, ಜಾಗ ತಪ್ಪು.

ಗೊಮ್ಮಟನ ಪದ್ಯವೂ ಶಾಸನದ್ದೇ. ಬರೆದವನು ಬೊಪ್ಪಣ ಪಂಡಿತ, ಅವನಿಗೆ ಸುಜನೋತ್ತಂಸ ಅಂತ ಬಿರುದು. ಕಾಲ ಸುಮಾರು 1180. ಮೂರ್ತಿ ನಿಂತು ಆಗಲೇ ಎರಡು ಶತಮಾನ ಆಗಿತ್ತು. ಬೆಟ್ಟದ ಮೇಲೆ ಗೊಮ್ಮಟನ ಆವರಣದ ಬಾಗಿಲ ಬಳಿ ಇಡೀ ಕವಿತೆಯೇ ಕಲ್ಲಿನಲ್ಲಿದೆ.

ಶಾಸನ ಹುಡುಕಲು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳೇ ಗತಿ. ಇವನ್ನು ಬಳಸುವಾಗ ಎಡವುವ ಜಾಗ ಎರಡಿವೆ.

ಮೊದಲನೆಯದು ಸಂಖ್ಯೆ. ಶ್ರವಣಬೆಳಗೊಳದ ಸಂಪುಟ ಮೂರು ಸಲ ಬಂದಿದೆ. ಲೂಯಿಸ್ ರೈಸ್ 1889ರಲ್ಲಿ ತಂದಾಗ ಅದರಲ್ಲಿ 144 ಶಾಸನ. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500 ಆಯಿತು. ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ತಂದಾಗ 573. ಪ್ರತಿ ಸಲವೂ ಕ್ರಮಸಂಖ್ಯೆ ಬದಲಾಗಿದೆ. ಹಾಗಾಗಿ ಯಾರಾದರೂ ‘ಶ್ರವಣಬೆಳಗೊಳ ಶಾಸನ ಸಂಖ್ಯೆ ಇಂತಿಷ್ಟು’ ಅಂತ ಬರೆದಿದ್ದರೆ ಯಾವ ಆವೃತ್ತಿ ಅಂತ ತಿಳಿಯದೆ ಅದು ಕೆಲಸಕ್ಕೆ ಬಾರದ ಮಾಹಿತಿ. ನಾನು ಒಂದು ಲೇಖನದ ಸಂಖ್ಯೆ ಹಿಡಿದು ಬೇರೆ ಆವೃತ್ತಿ ತೆರೆದು, ಸಂಬಂಧವೇ ಇಲ್ಲದ ಶಾಸನ ಓದುತ್ತಾ ಅರ್ಧ ಗಂಟೆ ಕೂತಿದ್ದೆ.

ಎರಡನೆಯದು ಜಿಲ್ಲೆಯ ಹೆಸರು. ಈಗಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳು 1901ರ ಆರನೇ ಸಂಪುಟದಲ್ಲಿ ಕಡೂರು ಜಿಲ್ಲೆ ಎಂಬ ಹೆಸರಿನಲ್ಲಿವೆ. ಆಗ ಜಿಲ್ಲೆಯ ಹೆಸರೇ ಅದು. ಚಿಕ್ಕಮಗಳೂರು ಅಂತ ಹುಡುಕಿ ಏನೂ ಇಲ್ಲ ಅಂತ ಕೈಬಿಟ್ಟವರನ್ನು ನೋಡಿದ್ದೇನೆ. ಹಾಸನದ್ದು ಐದನೇ ಸಂಪುಟ, 1902.

ಹಳೆಯ ಸಂಪುಟಗಳಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಬೇರೆ ಬೇರೆ ಭಾಗಗಳಲ್ಲಿ ಇರುತ್ತವೆ. ನಾನು ಅನುವಾದದಿಂದ ಸಂಖ್ಯೆ ಹಿಡಿದು ಕನ್ನಡ ಪಾಠಕ್ಕೆ ಹೋದೆ. ‘ಸೂಪರ್‌ನ್ಯಾಚುರಲ್’ ಆಗಿದ್ದ ಪದ ಅಲ್ಲಿ ಸುಮ್ನೆ ‘ಅತಿಶಯ’ ಅಂತಿತ್ತು! ಅತಿಶಯ ಅಂದರೆ ಜೈನರಿಗೆ ಬೇರೆಯದೇ ತೂಕ, ತೀರ್ಥಂಕರರಿಗೆ ಇರುವ ವಿಶೇಷಗಳನ್ನು ಹೇಳಲು ಬಳಸುವ ಪದ. ಸಾಕ್ಷ್ಯಚಿತ್ರದ ‘ಅಲೌಕಿಕ ಶಕ್ತಿ’ಯಲ್ಲಿ ಅದು ಪೂರ್ತಿ ಕಳೆದುಹೋಗಿದೆ.

ಕಲ್ಲಿನಲ್ಲಿ ಇದೆ ಅಂದ ಮಾತ್ರಕ್ಕೆ ಅಲ್ಲೇ ಹುಟ್ಟಿತು ಅಂತಲೂ ಹೇಳುವ ಹಾಗಿಲ್ಲ. ಬೇಲೂರಿನ ಗೈಡುಗಳು ಹೇಳುವ ‘ಯಂ ಶೈವಾಃ ಸಮುಪಾಸತೇ’ ಶ್ಲೋಕ ಅಲ್ಲಿನ ಶಾಸನದಲ್ಲಿದೆ. ಅದೇ ಶ್ಲೋಕ ಸಂಸ್ಕೃತದ ಹನುಮನ್ನಾಟಕದಲ್ಲೂ ಇದೆ. ಅಲ್ಲಿ ಕೊನೆಗೆ ತ್ರೈಲೋಕ್ಯನಾಥ ಹರಿ, ಬೇಲೂರಿನಲ್ಲಿ ಕೇಶವ. ಊರಿನ ದೇವರಿಗೆ ತಕ್ಕ ಹಾಗೆ ಕೊನೆಯ ಪಾದ ತಿದ್ದಿಕೊಂಡ ರೀತಿ ಇದು. ಇಂಥದ್ದು ಸಿಕ್ಕಾಗ ಎರಡು ಕಡೆಯ ಪಾಠವನ್ನೂ ಬರೆದಿಟ್ಟುಕೊಳ್ಳಿ.

ಆಗುವುದಾದರೆ ಹೋಗಿ ನೋಡಿ

ಹಾಸನದಿಂದ ಶ್ರವಣಬೆಳಗೊಳ ಐವತ್ತು ಕಿಲೋಮೀಟರ್ ಆಸುಪಾಸು. ಬೆಳಗ್ಗೆ ಬೇಗ ಹೋಗಿ. ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಹತ್ತು ಗಂಟೆ ದಾಟಿದರೆ ಬಂಡೆ ಕಾದ ಹೆಂಚು. ಕಾಲುಚೀಲ ಹಾಕಿಕೊಂಡರೆ ಬಚಾವ್. ಎಳೆ ಬಿಸಿಲು ಪಕ್ಕದಿಂದ ಬೀಳುವಾಗ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತವೆ. ನೇರವಾಗಿ ಫ್ಲ್ಯಾಶ್ ಹೊಡೆದರೆ ಎಲ್ಲ ಮಟ್ಟಸವಾಗಿಬಿಡುತ್ತದೆ. ಅಕ್ಷರ ಕಾಣಲಿ ಅಂತ ಸುಣ್ಣದಕಡ್ಡಿ ಉಜ್ಜುವುದು, ನೀರು ಎರಚುವುದು ಮಾತ್ರ ಬೇಡವೇ ಬೇಡ.

ಸಿಕ್ಕಿತು ಅಂದ ಮೇಲೆ

ಇಲ್ಲಿಗೆ ನಿಲ್ಲಿಸಿದರೆ ಕೆಲಸ ಅರ್ಧ. ಪದ್ಯದ ಹಿಂದೆ ಮುಂದೆ ಓದಿ. ಮಾತು ಕವಿಯದೋ, ಪಾತ್ರದ್ದೋ? ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಸಾಲನ್ನು ಎಲ್ಲರೂ ಪಂಪನ ಊರಿನ ಹಂಬಲ ಅಂತ ಹೇಳುತ್ತಾರೆ. ಕಾವ್ಯದಲ್ಲಿ ಅದು ಬರುವುದು ಅರ್ಜುನ ತೀರ್ಥಯಾತ್ರೆಯಲ್ಲಿ ಬನವಾಸಿಗೆ ಬಂದ ಸಂದರ್ಭದಲ್ಲಿ. ಪಂಪನ ಮನಸ್ಸೂ ಅದರಲ್ಲಿ ಇದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಸಂದರ್ಭ ಹೇಳದೆ ಉದ್ಧರಿಸುವುದು ಸರಿಯಲ್ಲ.

ಕೃತಿಯ ಹೆಸರನ್ನೂ ತಾಳೆ ನೋಡಿ. ‘ಮನುಷ್ಯ ಜಾತಿ ತಾನೊಂದೆ ವಲಂ’ ಪಂಪನದೇ. ಆದರೆ ಅದು ಇರುವುದು ಆದಿಪುರಾಣದಲ್ಲಿ, ಭಾಷಣಗಳಲ್ಲಿ ಹೇಳುವ ಹಾಗೆ ಪಂಪಭಾರತದಲ್ಲಿ ಅಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ‘ಮನುಷ್ಯ ಜಾತಿ’ ಎಷ್ಟೋ ಕಡೆ ‘ಮಾನವ ಜಾತಿ’, ‘ಮಾನವ ಕುಲ’ ಕೂಡ ಆಗಿದೆ.

ಆಮೇಲೆ ಒಂದು ಹಾಳೆಯಲ್ಲಿ ಬರೆದಿಡಿ: ಚಿತ್ರದಲ್ಲಿ ಕೇಳಿದ ರೂಪ, ಮೂಲದ ರೂಪ, ಕೃತಿ, ಸಂಪಾದಕರು, ಆವೃತ್ತಿಯ ವರ್ಷ, ಪುಟ ಅಥವಾ ಪದ್ಯಸಂಖ್ಯೆ, ನೀವು ಕಣ್ಣಾರೆ ನೋಡಿದ್ದೋ ಬೇರೆಯವರು ಹೇಳಿದ್ದೋ. ಕೊನೆಯದನ್ನು ಪ್ರಾಮಾಣಿಕವಾಗಿ ಬರೆಯಿರಿ.

ನೀವೇ ಚಿತ್ರ ಮಾಡುವವರಾದರೆ ಹಕ್ಕಿನ ವಿಚಾರವೂ ಇದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೊಪ್ಪಣನನ್ನು ಯಾರೂ ಕೇಳುವುದಿಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಲೆಕ್ಕ ಹಾಕಿಕೊಳ್ಳಿ. ಹಳೆಯ ಪದ್ಯಕ್ಕೆ ಈಚಿನವರು ಮಾಡಿದ ಹೊಸಗನ್ನಡ ಅನುವಾದ ಬಳಸಿದರೆ ಆ ಅನುವಾದಕರ ಹಕ್ಕೂ ಲೆಕ್ಕಕ್ಕೆ ಬರುತ್ತದೆ.

ಏನೂ ಸಿಗದಿದ್ದರೆ

ಚಿತ್ರ ಮಾಡಿದವರನ್ನೇ ಕೇಳಿ. ಪತ್ರ ಚಿಕ್ಕದಿರಲಿ. ಎಷ್ಟನೇ ನಿಮಿಷದ ಯಾವ ಸಾಲು, ನೀವು ಇದುವರೆಗೆ ಎಲ್ಲೆಲ್ಲಿ ನೋಡಿದ್ದೀರಿ ಅಂತ ಎರಡು ಮಾತು ಬರೆಯಿರಿ. ತಪ್ಪು ಹಿಡಿಯುವ ದನಿ ಬೇಡ. ನಾನು ಬರೆದ ಪತ್ರಕ್ಕೆ ಮೂರು ವಾರದ ಮೇಲೆ ಉತ್ತರ ಬಂತು, “ಸ್ಕ್ರಿಪ್ಟ್ ಬರೆದವರು ಈಗ ನಮ್ಮ ಜೊತೆ ಇಲ್ಲ ಸರ್” ಅಂತ. ಹೀಗೂ ಆಗುತ್ತದೆ. ಆಗ ‘ಮೂಲ ಸಿಕ್ಕಿಲ್ಲ’ ಅಂತಲೇ ಬರೆಯಿರಿ. ಖಾಲಿ ಜಾಗ ತುಂಬಲು ಒಂದು ಹೆಸರು ಹಾಕಿದರೆ ನಾಳೆ ಇನ್ನೊಬ್ಬರು ನಿಮ್ಮನ್ನೇ ಆಧಾರ ಮಾಡಿಕೊಳ್ಳುತ್ತಾರೆ.

ಅಕ್ಕನ ಮಗಳು ಆ ವಾರದ ಕೊನೆಗೆ ಬೋರ್ಡಿನ ಫೋಟೋ ಕಳಿಸಿದಳು. ಬೊಪ್ಪಣನ ನಾಲ್ಕೂ ಪಾದ ಬರೆದು, ಕೆಳಗೆ ಸುಮಾರು 1180 ಅಂತ ಹಾಕಿದ್ದಳು. ಅತಿ, ನುತ, ನುತ, ಕ್ಷಿತಿ ಎಂಬ ನಾಲ್ಕು ಆರಂಭಗಳಲ್ಲೂ ‘ತ’ಕಾರಕ್ಕೆ ಯಾರೋ ಹುಡುಗ ಕೆಂಪು ಸುಣ್ಣದಕಡ್ಡಿಯಲ್ಲಿ ಸುತ್ತು ಹಾಕಿದ್ದ.